ಸಂತೆಯಿಂದ ಸಂತೆಗೆ ಒಂದು ಕೌದಿ

ನಾಲ್ಕನೆಯ ಹೆಂಗಸು ಹೊಸ್ತಿಲು ದಾಟಿ ಒಳಗೆ ಬಂದಾಗಲೂ ನಾನು ಬಾಗಿಲು ಹಿಡಿದುಕೊಂಡು ನಗುತ್ತಲೇ ನಿಂತಿದ್ದೆ. ಕೌದಿ ಹೊಲಿದವಳನ್ನು ಮನೆ ಮುಟ್ಟಿಸಲು ಅಕ್ಕತಂಗಿಯರು ಬಂದಿರಬೇಕು, ಒಂದೊಂದು ಕಪ್ ಚಹ ಕುಡಿದು ಹೊರಡುತ್ತಾರೆ ಎಂದುಕೊಂಡಿದ್ದೆ. ಐದನೆಯವಳು ತಲೆಯ ಮೇಲಿನ ಗಂಟನ್ನು ನನ್ನ ಕೈಗೆ ಕೊಟ್ಟು ಸೀದಾ ಒಳಗೆ ನಡೆದಳು. ಆರನೆಯವಳೂ ಏಳನೆಯವಳೂ ಒಟ್ಟಿಗೆ ನುಗ್ಗಲು ಹೋಗಿ ಬಾಗಿಲಲ್ಲಿ ಸಿಕ್ಕಿಕೊಂಡು, ಒಬ್ಬರನ್ನೊಬ್ಬರು ಬೈದುಕೊಂಡು, ಕೊನೆಗೆ ಒಬ್ಬರ ಕೈ ಒಬ್ಬರು ಹಿಡಿದುಕೊಂಡೇ ಒಳಗೆ ಬಂದರು. ಎಂಟನೆಯವಳು ಮುದುಕಿ. ಅವಳನ್ನು ನಾನೇ ತೋಳು ಹಿಡಿದು ಹೊಸ್ತಿಲು ದಾಟಿಸಿದೆ. ಒಂಬತ್ತನೆಯವಳು ಬಂದವಳೇ ಎಲ್ಲರ ಚಪ್ಪಲಿಗಳನ್ನು ಸಾಲಾಗಿ ಜೋಡಿಸಿ, ಬಾಗಿಲು ಮುಂದೆ ಮಾಡಿ, ಅಗಳಿಯನ್ನೂ ತಾನೇ ಹಾಕಿದಳು. ಆಗ ನನ್ನ ನಗು ನಿಂತಿತು.

"ಎಲ್ಲಾರೂ ಬಂದ್ರೇನ್ ಬೇ?" ಎಂದು ಒಳಗಿನಿಂದ ಒಂದು ದೊಡ್ಡ ದನಿ ಕೇಳಿತು.

"ಬಂದೀವಿ."

"ಮತ್ತ ಯಾಕ ನಿಂತೀರಿ? ಕುಂದರ್ರಿ. ತಮ್ಮಾ, ನೀನೂ ಕುಂದರು. ನಿನ್ನ ಮನೀನ ಐತಿ, ನಾಚಬ್ಯಾಡ."

ಆ ದನಿ ಫಕೀರವ್ವನದು. ಸಂತೆಯಲ್ಲಿ ನನಗೆ ಕೌದಿ ಮಾರಿದವಳು ಅವಳೇ. ಅಗಲ ಮುಖ, ಹಣೆಯ ತುಂಬ ಕುಂಕುಮ, ಮಾತಾಡುವಾಗ ಎದುರಿನವರ ಮೊಣಕಾಲಿಗೆ ಹೊಡೆಯುವ ಅಭ್ಯಾಸ. ನಾನು ಕುಳಿತೆ. "ಅವ್ವಾರ, ಈ ಕೌದಿ ಹೊಲದವರು ಯಾರ್ರಿ?" ಎಂದು ಕೇಳಿದೆ.

ಫಕೀರವ್ವ ಕೌದಿಯನ್ನು ಕೋಣೆಯ ತುಂಬ ಹಾಸಿದಳು. ಕೋಣೆ ತುಂಬಿ ಇನ್ನೂ ಒಂದು ಮೂಲೆ ಅಡುಗೆಮನೆಯೊಳಕ್ಕೆ ಹೋಯಿತು. "ಈ ಕೆಂಪು ಅಂಚು ನಂದು. ಈ ಹಸರ ತುಂಡು ಕಂಡಿ ಅಲ್ಲಾ, ಅದು ಸಾವಂತ್ರೆವ್ವಂದು. ನಡುವಿನ ಹೂವು ಆಕೀದು. ಆ ಮೂಲಿ ಇಬ್ಬರೂ ಜಗಳಾಡಕೋತ ಹೊಲದಾರ, ಅದಕ್ಕ ಸೊಟ್ಟ ಐತಿ." ಹೀಗೆ ಎಂಟು ಜಾಗಗಳನ್ನು ಮುಟ್ಟಿ ಎಂಟು ಹೆಸರು ಹೇಳಿದಳು. ಕೊನೆಗೆ ಮುದುಕಿಯ ಕಡೆ ಕೈ ಮಾಡಿ, "ಆಯಿಗೆ ಕಣ್ಣು ಕಾಣಂಗಿಲ್ಲ. ಆಕಿ ಬರೇ ಕತಿ ಹೇಳ್ಯಾಳ. ಆದ್ರ ಆ ಕತಿ ಇಲ್ಲಂದ್ರ ನಾವ್ಯಾರೂ ಕುಂತು ಹೊಲೀತಿದ್ದಿಲ್ಲ, ಎದ್ದು ಹೋಗತಿದ್ವಿ. ಅದಕ್ಕ ಆಕೀನೂ ಬಂದಾಳ," ಎಂದಳು.

ನಮ್ಮೂರಿನಲ್ಲಿ ಕೈಯಿಂದ ಮಾಡಿದ ಯಾವುದನ್ನು ತೆಗೆದುಕೊಂಡರೂ ಮಾಡಿದವರು ಅದರ ಸಂಗಡವೇ ಬರುತ್ತಾರೆ. ಮಾಡಲು ಎಷ್ಟು ಹೊತ್ತು ಹಿಡಿಯಿತೋ ಅಷ್ಟು ಹೊತ್ತು ತೆಗೆದುಕೊಂಡವರ ಮನೆಯಲ್ಲಿ ಇದ್ದು, ಉಂಡು, ಮಲಗಿ, ಎದ್ದು ಹೋಗುತ್ತಾರೆ. ಅದೇ ಬೆಲೆ. ಮಣ್ಣಿನ ಹಣತೆ ಮಾಡಿದವನು ಬಾಗಿಲಲ್ಲೇ ನಿಂತು ನೀರು ಕುಡಿದು ಹೊರಡುತ್ತಾನೆ. ಬುಟ್ಟಿ ಹೆಣೆದವಳು ಮಧ್ಯಾಹ್ನದ ಊಟ ಮುಗಿಸಿ ಒಂದು ನಿದ್ದೆ ತೆಗೆಯುತ್ತಾಳೆ. ಕಟ್ಟಿಗೆ ಅಡ್ಡೆಯ ಸಾಹುಕಾರರು ತಮ್ಮ ಮನೆಗೆ ಕೆತ್ತನೆಯ ಬಾಗಿಲು ಹಾಕಿಸಿದರು. ಅದನ್ನು ಕೆತ್ತಿದವನು ಬಂದು ಅವರ ಮನೆಯಲ್ಲೇ ಇದ್ದು, ಅಲ್ಲೇ ಮದುವೆಯಾಗಿ, ಈಗ ಅವನ ಮಕ್ಕಳು ಸಾಹುಕಾರರನ್ನು ಅಜ್ಜ ಎನ್ನುತ್ತವೆ. ಬಾಗಿಲು ಬಹಳ ಚೆಂದವಿದೆ. ಆದರೆ ಸಾಹುಕಾರರು ಹಿತ್ತಲ ಬಾಗಿಲಿನಿಂದ ಓಡಾಡುತ್ತಾರೆ.

ಹೀಗಾಗಿ ನಮ್ಮ ಸಂತೆಯಲ್ಲಿ ಸಾಮಾನನ್ನು ಯಾರೂ ತಿರುಗಿಸಿ ಮುರುಗಿಸಿ ನೋಡುವುದಿಲ್ಲ. ಮಾಡಿದವರನ್ನು ನೋಡುತ್ತಾರೆ. ಕೆಮ್ಮುತ್ತಾನೋ, ಗೊರಕೆ ಹೊಡೆಯುತ್ತಾನೋ, ಎರಡನೆಯ ಸಲ ಅನ್ನ ಕೇಳುತ್ತಾನೋ, ರಾಜಕೀಯ ಮಾತಾಡುತ್ತಾನೋ. ಒಬ್ಬ ಬಡಗಿಯ ಕುರ್ಚಿಗಳು ಕಾಲು ಅಲುಗಾಡಿದರೂ ಚೆನ್ನಾಗಿ ಹೋಗುತ್ತವೆ, ಏಕೆಂದರೆ ಅವನು ಪಾತ್ರೆ ತೊಳೆದುಕೊಡುತ್ತಾನೆ. ಎಲ್ಲಕ್ಕಿಂತ ಅಗ್ಗವೆಂದರೆ ತೀರಿಕೊಂಡವರ ಸಾಮಾನು. ಅಂಗಡಿಯವರು ಕಿವಿಯ ಹತ್ತಿರ ಬಾಗಿ, "ಮಾಡಿದವರು ಹೋಗ್ಯಾರ್ರಿ, ಏನೂ ಚಿಂತಿಲ್ಲ," ಎನ್ನುತ್ತಾರೆ. ಜನ ಮುಗಿಬೀಳುತ್ತಾರೆ.

ಉಳಿದವರಿಗೆ ಪ್ಲಾಸ್ಟಿಕ್ ಇದೆ. ನಾನು ಕೆಲಸ ಮಾಡುವುದು ಪ್ಲಾಸ್ಟಿಕ್ ಸಾಮಾನಿನ ಅಂಗಡಿಯಲ್ಲಿ. ನಮ್ಮ ಬೋರ್ಡಿನ ಮೇಲೆ ಅಂಗಡಿಯ ಹೆಸರಿಗಿಂತ ದೊಡ್ಡದಾಗಿ 'ಯಾರೂ ಬರುವುದಿಲ್ಲ' ಎಂದು ಬರೆಸಿದ್ದೇವೆ. ಬಕೆಟ್, ಮಗ್ಗು, ಸ್ಟೂಲು, ಬಾಚಣಿಗೆ. ದುಡ್ಡು ಎಣಿಸಿ ಕೊಟ್ಟು, ಮನೆಗೆ ಒಯ್ದು, ಬಾಗಿಲು ಹಾಕಿಕೊಂಡರೆ ಮುಗಿಯಿತು.

ಕಸ್ತೂರಿ ನನ್ನನ್ನು ಮದುವೆಯಾದದ್ದೂ ಅದೇ ಕಾರಣಕ್ಕೆ. ಅವಳ ಅಪ್ಪ ಕೈಕೆಲಸದ ಸಾಮಾನಿನ ಮಹಾ ರಸಿಕ. ತೂಗುಮಂಚ, ಜಮಖಾನ, ಹಿತ್ತಾಳೆಯ ಅಡಕೊತ್ತು, ಕಟ್ಟಿಗೆಯ ಗಿಳಿ, ಯಾವುದನ್ನು ಕಂಡರೂ ಕಣ್ಣು ಅರ್ಧ ಮುಚ್ಚಿ ಕೈಯಾಡಿಸಿ, "ಆಹಾ, ಕೈ ಅಂದ್ರ ಕೈ," ಎಂದು ಮನೆಗೆ ತರುತ್ತಿದ್ದರು. ಗಿಳಿಯ ಹಿಂದೆ ಗಿಳಿ ಕೆತ್ತಿದವನು ಬರುತ್ತಿದ್ದ. ಅಪ್ಪ ಅವನ ಸಂಗಡ ಪಡಸಾಲೆಯಲ್ಲಿ ಕೂತು ಕಲೆಯ ಬಗ್ಗೆ ಮಾತಾಡುವರು. ಅವ್ವ ಒಲೆಯ ಮುಂದೆ ರೊಟ್ಟಿ ಬಡಿಯುವಳು. ಕಸ್ತೂರಿ ಹುಟ್ಟಿದಾಗಿನಿಂದ ಅಡುಗೆಮನೆಯಲ್ಲಿ, ಒರಳಿಗೂ ನೀರಿನ ಹಂಡೆಗೂ ನಡುವೆ ಮಲಗಿದವಳು. ನಾನು ಹೆಣ್ಣು ನೋಡಲು ಹೋದಾಗ ಅವಳು ನನ್ನ ಸಂಬಳ ಕೇಳಲಿಲ್ಲ, ಹೆಸರನ್ನೂ ಸರಿಯಾಗಿ ಕೇಳಿಸಿಕೊಳ್ಳಲಿಲ್ಲ. "ನಿಮ್ಮ ಮನ್ಯಾಗ ಕೈಯಿಂದ ಮಾಡಿದ್ದು ಏನರ ಐತೇನ್ರಿ?" ಎಂದು ಕೇಳಿದಳು. "ಏನಂದ್ರ ಏನೂ ಇಲ್ಲ. ದೇವರ ಮುಂದಿನ ಹೂ ಸೈತ ಪ್ಲಾಸ್ಟಿಕ್," ಎಂದೆ. ಅಲ್ಲಿಗೆ ಮದುವೆ ಗಟ್ಟಿಯಾಯಿತು.

ಇಷ್ಟೆಲ್ಲ ಗೊತ್ತಿದ್ದೂ ನಾನು ಕೌದಿ ತಂದೆ. ಚಳಿಗಾಲದಲ್ಲಿ ಕಸ್ತೂರಿಗೆ ಬಹಳ ಚಳಿ. ನಮ್ಮ ಅಂಗಡಿಯ ಹೊದಿಕೆ ಜಾರಿ ಜಾರಿ ಬೀಳುತ್ತದೆ, ಒಳಗೆ ಬೆವರು, ಹೊರಗೆ ನಡುಕ. ಒಮ್ಮೆ ಅವಳು ಹಲ್ಲು ಕಟಕಟಿಸುತ್ತ, ತನ್ನ ತವರಿನಲ್ಲಿ ಒಂದು ಕೌದಿ ಇತ್ತು, ಅದು ಸತ್ತುಹೋದ ಅಜ್ಜಿಯದು, ಇಡೀ ಮನೆಯಲ್ಲಿ ಯಾರೂ ಹಿಂದೆ ಬರದ ಸಾಮಾನು ಅದೊಂದೇ ಆಗಿತ್ತು, ಇಲಿ ತಿಂದುಹೋಯಿತು ಎಂದಿದ್ದಳು. ಅವಳು ತವರಿಗೆ ಹೋದ ಮೇಲೆ ನಾನು ಸಂತೆಗೆ ಹೋದೆ. ಕೌದಿಯ ಬೆಲೆ ಸಾಮಾನ್ಯವಾಗಿ ಅರ್ಧ ವರ್ಷ. ಆದರೆ ಫಕೀರವ್ವನ ಕೌದಿಗೆ ಕಟ್ಟಿದ್ದ ಚೀಟಿಯಲ್ಲಿ 'ಸಂತೆಯಿಂದ ಸಂತೆ' ಎಂದಿತ್ತು. ಒಂದೇ ವಾರ! ಕಸ್ತೂರಿ ಬರುವುದು ಮುಂದಿನ ಸಂತೆಯ ಮರುದಿನ. ಅಷ್ಟರಲ್ಲಿ ಒಬ್ಬ ಹೆಂಗಸು ಬಂದು, ಉಂಡು, ಹೋಗಿರುತ್ತಾಳೆ. ಕೌದಿ ತೀರಿಕೊಂಡವರದು ಎಂದು ಒಂದು ಸುಳ್ಳು ಹೇಳಿದರಾಯಿತು. ಎಷ್ಟು ದಿನ ಎಂದು ಎರಡೆರಡು ಸಲ ಕೇಳಿದೆ. ಎಷ್ಟು ಮಂದಿ ಎಂದು ಒಂದು ಸಲವೂ ಕೇಳಲಿಲ್ಲ. ಇಂಥ ಪೆದ್ದನನ್ನು ನಮ್ಮ ಸಂತೆ ಬಹಳ ದಿನದಿಂದ ಕಂಡಿರಲಿಲ್ಲವೆಂದು ಕಾಣುತ್ತದೆ. ನಾನು ಹೊರಟಾಗ ಅಕ್ಕಪಕ್ಕದ ಅಂಗಡಿಯವರು ಎದ್ದು ನಿಂತು ನೋಡಿದ್ದರು.

"ಒಂದು ಮಾತು," ಎಂದಳು ಫಕೀರವ್ವ, ನನ್ನ ಮೊಣಕಾಲಿಗೆ ಹೊಡೆದು. "ಬೇಕಾದ್ರ ನಾವು ಒಬ್ಬೊಬ್ಬರಾಗಿನೂ ಬರಬಹುದು. ವಾರಕ್ಕ ಒಬ್ಬಾಕಿ. ನಿನಗೂ ತ್ರಾಸ ಕಡಿಮಿ."

ನಾನು ಅವಳ ಕಾಲು ಹಿಡಿಯುವುದೊಂದು ಬಾಕಿ. "ಬ್ಯಾಡ್ರೀ ಅವ್ವಾರ. ಎಲ್ಲಾರೂ ಕೂಡೇ ಇರ್ರಿ. ಇದು ನಿಮ್ಮ ಮನಿ."

"ನಾವೂ ಅದನ್ನ ಅಂದಿದ್ವಿ. ಒಬ್ಬೊಬ್ಬರ ಬಂದ್ರ ಜಗಳ ಯಾರ ಕೂಡ ಆಡೂದು?"

ನಮ್ಮದು ಒಂದೂವರೆ ಕೋಣೆಯ ಮನೆ. ಅರ್ಧ ಎಂದರೆ ಅಡುಗೆಮನೆ. ಒಂದರಲ್ಲಿ ಅವರು ಮಲಗಿದರು, ಅರ್ಧದಲ್ಲಿ ನಾನು. ಹೊದ್ದುಕೊಂಡದ್ದು ಅದೇ ಕೌದಿ, ಒಂಬತ್ತೂ ಜನ ಒಂದರ ಕೆಳಗೇ. ನನಗೆ ಸಿಕ್ಕಿದ್ದು ಜಾರುವ ಹೊದಿಕೆ. ಬೆಳಿಗ್ಗೆ ಏಳುವಷ್ಟರಲ್ಲಿ ಅವರು ನನ್ನ ಪ್ಲಾಸ್ಟಿಕ್ ಡಬ್ಬಿಗಳನ್ನೆಲ್ಲ ಇಳಿಸಿ, ಮೂಸಿ, ಮುಖ ಸಿಂಡರಿಸಿ, ಬೇರೆ ಕ್ರಮದಲ್ಲಿ ಇಟ್ಟಿದ್ದರು. ಉಪ್ಪು ಸಿಗಲು ಎರಡು ದಿನ ಹಿಡಿಯಿತು. ನಾನು ಅಂಗಡಿಗೆ ರಜೆ ಹಾಕಿ, ಕತ್ತಲಿರುವಾಗಲೇ ಎದ್ದು ಹಿಟ್ಟು ನಾದಿ ರೊಟ್ಟಿ ಬಡಿಯಲು ಕೂತೆ. ಹುಟ್ಟಿದಾಗಿನಿಂದ ನಾನು ರೊಟ್ಟಿ ಬಡಿದವನಲ್ಲ. ಒಂದು ಬಡಿದರೆ ಹರಿಯುವುದು, ಮತ್ತೆ ಮುದ್ದೆ ಮಾಡುವುದು, ಮತ್ತೆ ಬಡಿಯುವುದು. ಒಂಬತ್ತು ಜನರ ಬೆಳಗಿನ ರೊಟ್ಟಿ ಮುಗಿಯುವಾಗ ಮಧ್ಯಾಹ್ನದ ಹೊತ್ತಾಗುವುದು, ಮಧ್ಯಾಹ್ನದ್ದು ಮುಗಿಯುವಾಗ ದೀಪ ಹಚ್ಚುವ ಹೊತ್ತು. ತಿನ್ನುವಾಗ ಅವರೇನೂ ಸುಮ್ಮನಿರುತ್ತಿರಲಿಲ್ಲ.

"ಇದು ರೊಟ್ಟಿನೋ, ಚಪ್ಪಲಿ ಅಟ್ಟಿನೋ?" ಎನ್ನುವಳು ಸಾವಂತ್ರೆವ್ವ. ಅವರಲ್ಲಿ ಅವಳೇ ಎಲ್ಲರಿಗಿಂತ ಚಿಕ್ಕವಳು, ನಾಲಗೆ ಮಾತ್ರ ಎಲ್ಲರಿಗಿಂತ ಉದ್ದ.

"ಸುಮ್ನ ತಿನ್ನ. ಕೂಸು ಮನಸಿಟ್ಟು ಮಾಡ್ಯಾನ."

"ಮನಸಿಟ್ಟಿದ್ದಕ್ಕ ಇಷ್ಟು ಗಟ್ಟಿ ಆಗೈತೇನು?"

ಮೂರನೆಯ ದಿನ ಮಧ್ಯಾಹ್ನ ಫಕೀರವ್ವ ನನ್ನನ್ನು ಕರೆದು, ಕೌದಿಯ ನಡುವೆ ಬೆರಳು ಮಾಡಿ, "ಮಕ್ಕೊ," ಎಂದಳು. ಕೌದಿ ಹೊಲಿದವರು ಅದರಲ್ಲಿ ಯಜಮಾನ ನಿದ್ದೆ ಮಾಡುವುದನ್ನು ಒಮ್ಮೆ ನೋಡಿಯೇ ಹೋಗಬೇಕಂತೆ. ನೋಡದೆ ಹೋದರೆ ಅವರಿಗೆ ಮುಂದಿನ ಕೌದಿಗೆ ಕೈ ಬರುವುದಿಲ್ಲವಂತೆ. ನಾನು ಮಲಗಿದೆ. ಒಂಬತ್ತು ಜನ ಸುತ್ತ ಕೂತರು. ಹದಿನೆಂಟು ಕಣ್ಣು, ಅದರಲ್ಲಿ ಎರಡು ಕಾಣದವು, ಆದರೂ ಆಯಿಯ ಕಣ್ಣೇ ಹೆಚ್ಚು ಚುಚ್ಚುತ್ತಿತ್ತು.

"ಕಾಲು ಚಾಚು. ಮುದುಡಿಕೊಂಡ್ರ ಕೌದಿಗೆ ಅವಮಾನ."

"ನಿದ್ದಿ ಬರವಲ್ದು ಅವ್ವಾ. ಮಧ್ಯಾಹ್ನ ಐತಿ."

"ಕಣ್ಣು ಮುಚ್ಚು, ಬರತೈತಿ."

"ಇಷ್ಟು ಮಂದಿ ನೋಡಾಕತ್ತರ ಹೆಂಗ ಬರತೈತಿ?"

"ಸಾಯೂಮುಂದ ಇದಕಿಂತ ಹೆಚ್ಚು ಮಂದಿ ನೋಡತಾರ, ಆವಾಗೇನು ಏಳತೀಯೇನು?" ಎಂದಳು ಆಯಿ. ನಾನು ಹೆದರಿ ಕಣ್ಣು ಮುಚ್ಚಿದೆ. ಸುಳ್ಳು ಗೊರಕೆ ಹೊಡೆದೆ. ಸುಳ್ಳೆಂದು ಸಾವಂತ್ರೆವ್ವ ಕೂಡಲೇ ಹಿಡಿದಳು. ಆದರೆ ಸ್ವಲ್ಪ ಹೊತ್ತಿಗೆ ಏನಾಯಿತೋ, ಹಳೆಯ ಸೀರೆಗಳ, ಲುಂಗಿಗಳ, ಯಾರ್ಯಾರದೋ ಅಂಗಿಗಳ ಆ ಪದರಗಳ ಕೆಳಗೆ ನನ್ನ ಬೆನ್ನು ತಾನೇ ಸಡಿಲವಾಯಿತು. ಎಚ್ಚರವಾದಾಗ ಸಂಜೆ. ಬಾಯಿಂದ ಜೊಲ್ಲು ಸುರಿದು ಹಸಿರು ತುಂಡು ಒದ್ದೆಯಾಗಿತ್ತು. ಒಂಬತ್ತೂ ಜನ ಹಾಗೇ ಕೂತಿದ್ದರು. ಅವರ ಮುಖದಲ್ಲಿ ಎಂಥ ತೃಪ್ತಿ! ಸಾವಂತ್ರೆವ್ವ ಮಾತ್ರ, "ಜೊಲ್ಲು ಸುರಸಾಕ ನಂದ ತುಂಡು ಬೇಕಾಗಿತ್ತೇನು?" ಎಂದಳು.

ಪಕ್ಕದ ಮನೆಯ ನಿಂಗನಗೌಡರು ಕಿಟಕಿಯಲ್ಲಿ ನಿಂತು ಇದನ್ನೆಲ್ಲ ನೋಡುತ್ತಿದ್ದರು. ರಿಟೈರಾದ ಮೇಲೆ ಅವರಿಗೆ ನಮ್ಮ ಮನೆಯೇ ಆಫೀಸು. "ಇಂದೂಧರಾ," ಎಂದು ನನ್ನನ್ನು ಕರೆದು, ಎಲ್ಲರಿಗೂ ಕೇಳುವ ಗುಟ್ಟಿನ ದನಿಯಲ್ಲಿ, "ಬೆಚ್ಚಗ ಆಗೂದು ಇಬ್ಬರಿಗೆ, ಉಣ್ಣೂದು ಒಂಬತ್ತು ಮಂದಿ. ಇದ್ಯಾವ ಲೆಕ್ಕಪಾ? ಒಂದು ಹೊದಿಕಿಗೆ ಇಷ್ಟು ಕೊಡತಾರೇನು ಯಾರರ?" ಎಂದರು.

ಫಕೀರವ್ವ ಕಿಟಕಿಗೆ ಬಂದಳು. "ಗೌಡ್ರ, ನೀವು ದಿನಾ ಕುಂದರತೀರಲ್ಲಾ, ಆ ಪ್ಲಾಸ್ಟಿಕ್ ಕುರ್ಚಿ, ಅದನ್ನ ಮಾಡಿದಾಂವ ಯಾರು? ಹೆಸರರ ಗೊತ್ತೈತೇನು?"

"ಗೊತ್ತಿಲ್ಲ. ಅದಕ್ಕ ತಗೊಂಡೀನಿ."

"ಕುರ್ಚಿ ಮುರದ್ರ ಯಾರನ್ನ ಬೈತೀರಿ?"

ಗೌಡರು ಯೋಚಿಸಿದರು. "ನನ್ನ ಹೆಣ್ತೀನ ಬೈತೀನಿ," ಎಂದರು. ಒಳಗಿನಿಂದ ಪಾತ್ರೆ ಬಿದ್ದ ಸದ್ದು ಬಂತು.

ಈ ವಾದ ನಮ್ಮೂರಿನಲ್ಲಿ ಎಂದೂ ಮುಗಿದದ್ದಿಲ್ಲ. ನಾನು ಇಷ್ಟು ದಿನ ಗೌಡರ ಕಡೆಯವನೇ. ಆದರೆ ಆ ಮಧ್ಯಾಹ್ನದ ನಿದ್ದೆಯ ಮೇಲೆ ಖಾತ್ರಿಯಿಂದ ಏನನ್ನೂ ಹೇಳಲಾರದವನಾದೆ. ನನಗೆ ಬೇಕಾದದ್ದು ಇಷ್ಟೇ: ಸಂತೆಯ ದಿನ ಇವರು ಹೊರಡಬೇಕು, ಮರುದಿನ ಕಸ್ತೂರಿ ಬರಬೇಕು, ಆ ನಿದ್ದೆ ಅವಳಿಗೂ ಸಿಗಬೇಕು. ಅವಳು ಒಬ್ಬರನ್ನಾದರೂ ಇಲ್ಲಿ ಕಂಡಳೋ, ಮುಗಿಯಿತು. ಹೆಣ್ಣು ನೋಡಿದ ದಿನವೇ ಹೇಳಿದ್ದಳು: "ಒಬ್ಬರ ಬಂದ್ರೂ ನಾ ಇರಂಗಿಲ್ಲ ನೋಡ್ರಿ."

ಸಂತೆಗೆ ಇನ್ನೂ ಎರಡು ದಿನವಿರುವಾಗ, ಸಂಜೆ, ಬಾಗಿಲು ತಟ್ಟಿದ ಸದ್ದಾಯಿತು. ನನ್ನ ಕೈ ಹಿಟ್ಟಿನಲ್ಲಿತ್ತು. ಸಾವಂತ್ರೆವ್ವ ಅಗಳಿ ತೆಗೆದು, "ಬಾ ತಂಗಿ, ಒಳಗ ಬಾ. ಯಾರು ಬೇಕಾಗಿತ್ತು?" ಎಂದಳು.

ಕಸ್ತೂರಿ ಟ್ರಂಕು ಹಿಡಿದು ಹೊಸ್ತಿಲ ಆಚೆ ನಿಂತಿದ್ದಳು. ಅವಳಪ್ಪ ಚದುರಂಗದ ಹಾಸು ತಂದಿದ್ದರಂತೆ, ಅದರ ಕಾಯಿಗಳನ್ನು ಕೆತ್ತಿದವನು ಹೆಂಡತಿ, ಅತ್ತೆ, ಮೂರು ಮೇಕೆಗಳ ಸಮೇತ ಬಂದಿಳಿದನಂತೆ. ಅವಳು ಸಿಕ್ಕ ಬಸ್ಸಿಗೆ ಓಡಿಬಂದಿದ್ದಳು. ಒಳಗೆ ಇಣುಕಿ ನೋಡಿದಳು. ಗೋಡೆಗೆ ಒರಗಿ ಕಾಲು ನೀಡಿ ಕೂತ ಸಾಲು, ಅವಳ ದಿಂಬಿನ ಮೇಲೆ ಆಯಿಯ ತಲೆ, ಒಲೆಯ ಮುಂದೆ ಮೊಣಕೈವರೆಗೆ ಹಿಟ್ಟಾದ ನಾನು.

"ಹೂ ಸೈತ ಪ್ಲಾಸ್ಟಿಕ್ ಅಂದಿದ್ರಿ," ಎಂದಳು.

"ನಿನಗ ಚಳಿ ಆಗತೈತಂತ ತಂದ್ನಿ."

"ನಾ ನಡುಗಿದ್ದಕ್ಕ ಒಂಬತ್ತು ಮಂದೀನ ತಂದ್ರೇನು?"

"ಒಂದು ಕೌದಿ ತಂದ್ನಿ. ಒಂಬತ್ತು ಮಂದಿ ಬಂದ್ರು."

ಅವಳು ಟ್ರಂಕನ್ನು ಹೊಸ್ತಿಲ ಮೇಲೆ ಇಟ್ಟಳು, ಅರ್ಧ ಒಳಗೆ, ಅರ್ಧ ಹೊರಗೆ. "ನಾಳೆ ಮುಂಜಾನೆ ಬಸ್ಸಿಗೆ ಹೊಂಟೀನಿ."

"ಎಲ್ಲಿಗೆ?"

"ಯಾವ ಊರಾಗ ಯಾರೂ ಏನೂ ಮಾಡಂಗಿಲ್ಲೋ ಆ ಊರಿಗೆ."

ನಾನು ಏನು ಮಾಡಬೇಕೆಂದು ತಿಳಿಯದೆ ರೊಟ್ಟಿ ಬಡಿದೆ. ಅದು ಮೂರು ಕಡೆ ಹರಿಯಿತು. ಮುದ್ದೆ ಮಾಡಿ ಮತ್ತೆ ಬಡಿದೆ. ಈ ಸಲ ಕೈಗೇ ಅಂಟಿಕೊಂಡಿತು. ಕೊಡವಿದರೆ ಹೋಗಿ ಗೋಡೆಗೆ ಹತ್ತಿತು. ಹಸಿದ ಒಂಬತ್ತು ಜನ ಗೋಡೆ ನೋಡಿದರು. ಕಸ್ತೂರಿಯೂ ನೋಡಿದಳು. ಆಮೇಲೆ ಅವಳು ಉಸ್ಸೆಂದು, ಚಪ್ಪಲಿ ಬಿಟ್ಟು, ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಒಳಗೆ ಬಂದು, "ಸರೀರಿ ಆಕಡೆ," ಎಂದು ನನ್ನನ್ನು ಭುಜದಿಂದ ನೂಕಿದಳು. ಕೋಪ ಇಳಿದು ಹಾಗೆ ಮಾಡಿದಳೆಂದು ಯಾರೂ ತಿಳಿಯಬಾರದು. ಹಸಿದವರನ್ನು ಕಂಡರೆ ಅವಳ ಕೈ ಅವಳನ್ನು ಕೇಳುವುದಿಲ್ಲ, ಅಷ್ಟೆ. ಅವಳ ತವರುಮನೆ ಆ ಕೈಗಳನ್ನು ಹಾಗೆ ಪಳಗಿಸಿಬಿಟ್ಟಿತ್ತು.

ಪಟಪಟ ಪಟಪಟ ಎಂದು ರೊಟ್ಟಿ ಬಿದ್ದವು. ಕಾಗದದಷ್ಟು ತೆಳು, ತವೆಯ ಮೇಲೆ ಹಾಕಿದರೆ ಉಬ್ಬಿ ಗುಮ್ಮಟವಾಗುವವು. ನಾನು ಒಯ್ದು ಒಯ್ದು ಹಾಕಿದೆ. ಒಂಬತ್ತು ಜನ ತಲೆ ಎತ್ತದೆ ತಿಂದರು. ಫಕೀರವ್ವ ಐದನೆಯದನ್ನು ಮುರಿದು ಬಾಯಿಗಿಟ್ಟು, ಕಣ್ಣು ಅರ್ಧ ಮುಚ್ಚಿ, "ಆಹಾ! ಕೈ ಅಂದ್ರ ಕೈ ತಂಗಿ. ಇಂಥಾದ್ದು ಯಾವ ಮಿಷನ್ನಿಗೆ ಬರತೈತಿ?" ಎಂದಳು.

ಪಟಪಟ ನಿಂತಿತು.

"ಏನಂದ್ರಿ?" ಎಂದಳು ಕಸ್ತೂರಿ.

"ಚಲೋ ಆಗ್ಯಾವು ಅಂದೆ."

"ಅದಲ್ಲ. ಅದರ ಮೊದಲ."

"ಕೈ ಅಂದ್ರ ಕೈ ಅಂದೆ."

ಕಸ್ತೂರಿ ಒಲೆಯ ಮುಂದಿನಿಂದ ಎದ್ದು, ಹಿಟ್ಟಿನ ಕೈಗಳನ್ನು ಹಾಗೇ ಮುಂದೆ ಹಿಡಿದುಕೊಂಡು ಬಂದು ಸಾಲಿನ ನಡುವೆ ನಿಂತಳು. ಅವಳ ಮುಖ ನಾನೆಂದೂ ಕಂಡಿರದ ಹಾಗೆ ಆಗಿತ್ತು, ಇಷ್ಟು ವರ್ಷ ತಲೆಯ ಮೇಲೆಯೇ ಇದ್ದ ಕನ್ನಡಕ ಈಗ ಸಿಕ್ಕವರ ಹಾಗೆ. "ಈ ರೊಟ್ಟಿ ಕೈಯಿಂದ ಮಾಡಿದ್ದು ಹೌದೋ ಅಲ್ಲೋ?"

"ಹೌದು, ಮತ್ತೇನು ಕಾಲಿಂದ ಮಾಡತಾರ?" ಎಂದಳು ಸಾವಂತ್ರೆವ್ವ.

"ಮಾಡಿದವರು ಯಾರು?"

"ನೀನು."

"ತಗೊಂಡವರು ಯಾರು?"

"ನಾವು," ಎಂದಳು ಸಾವಂತ್ರೆವ್ವ. ಎಂದವಳ ಬಾಯಿ ಹಾಗೇ ತೆರೆದುಕೊಂಡು ಉಳಿಯಿತು. ಅವಳ ಪಕ್ಕದವಳು ಕೈಯಲ್ಲಿದ್ದ ತುತ್ತನ್ನು ಮೆಲ್ಲಗೆ ತಟ್ಟೆಗೆ ಇಳಿಸಿದಳು. ಆಚೆಯವಳು ಅಗಿಯುವುದನ್ನು ನಿಲ್ಲಿಸಿ, ನುಂಗಬೇಕೋ ಬೇಡವೋ ಎಂದು ಫಕೀರವ್ವನ ಮುಖ ನೋಡಿದಳು. ಆಯಿ ಒಬ್ಬಳು ಮಾತ್ರ ತಿನ್ನುತ್ತಲೇ ಇದ್ದಳು.

"ತಂಗಿ, ರೊಟ್ಟಿ ಸಾಮಾನಲ್ಲ," ಎಂದಳು ಫಕೀರವ್ವ. "ಅದು ಊಟ."

"ಕೌದೀನೂ ಸಾಮಾನಲ್ಲ, ಅದು ನಿದ್ದಿ ಅಂದ್ರ ನೀವು ಬಿಡತಿದ್ರೇನು?"

"ಇಷ್ಟು ವರ್ಷ ಯಾರೂ ಹಿಂಗ ಕೇಳಿದ್ದಿಲ್ಲ."

"ಯಾರಿಗೂ ಕೈ ಬಿಡುವಿದ್ದಿಲ್ಲ, ಅದಕ್ಕ."

ಟ್ರಂಕು ಇನ್ನೂ ಹೊಸ್ತಿಲ ಮೇಲೇ ಇತ್ತು. ಏನಾದರೂ ಮಾಡಿ ಅವಳ ಪಕ್ಕದಲ್ಲಿ ನಿಲ್ಲಬೇಕೆನಿಸಿತು. "ನಾನೂ ಮಾಡೀನಿ!" ಎಂದು ಕೂಗಿದೆ. "ಇಷ್ಟೂ ದಿನ ನಾನ ಮಾಡೀನಿ. ಕತ್ತಲಾಗ ಎದ್ದು ಕತ್ತಲತನ!"

"ಅವು ರೊಟ್ಟಿನಾ?" ಎಂದಳು ಸಾವಂತ್ರೆವ್ವ. "ಅವಕ್ಕೂ ಬೆಲಿ ಐತೇನು?"

"ಐತಿ," ಎಂದಳು ಕಸ್ತೂರಿ. "ಚಲೋ ಆಗ್ಯಾವೋ ಕೆಟ್ಟಾವೋ ಅಂತ ಯಾರೂ ಕೇಳಂಗಿಲ್ಲ ಈ ಊರಾಗ. ಎಷ್ಟು ಹೊತ್ತು ಹಿಡೀತು ಅಂತ ಕೇಳತಾರ. ಇವರ ಒಂದು ರೊಟ್ಟಿ ಹಿಡಿಯೂ ಹೊತ್ತಿನಾಗ ನಾ ಇಪ್ಪತ್ತು ಬಡೀತೀನಿ. ಅಂದ್ರ ಇವರ ರೊಟ್ಟಿ ನನ್ನವಕಿಂತ ಇಪ್ಪತ್ತು ಪಟ್ಟು ತುಟ್ಟಿ."

ರೊಟ್ಟಿ ಬಾರದವನೆಂದು ನಾನು ನನ್ನ ಜೀವನದಲ್ಲಿ ಮೊದಲ ಸಲ ಹೆಮ್ಮೆಪಟ್ಟೆ. ಕಿಟಕಿಯಾಚೆ ನಿಂಗನಗೌಡರ ಮುಖ ಬೆಳ್ಳಗಾಗಿತ್ತು. "ಏನಂದ್ಲು ಆಕಿ?" ಎಂದು ಅವರ ಹಿಂದಿನಿಂದ ಅವರ ಹೆಂಡತಿಯ ದನಿ ಬಂತು. "ಏನಿಲ್ಲ, ಏನಿಲ್ಲ, ಮಳಿ ಬರೂಹಂಗ ಐತಿ," ಎಂದು ಗೌಡರು ಕಿಟಕಿಯನ್ನು ಧಡಾರನೆ ಮುಚ್ಚಿದರು. ಮುಚ್ಚಿದ ಕಿಟಕಿಯ ಹಿಂದೆ ಆಕೆ ಮತ್ತೊಮ್ಮೆ, ಇನ್ನೂ ನಿಧಾನವಾಗಿ, "ಏನಂದ್ಲು?" ಎಂದದ್ದು ಕೇಳಿಸಿತು.

ಒಂಬತ್ತು ಜನ ತಲೆಗಳನ್ನು ಹತ್ತಿರ ಮಾಡಿ ಗುಸುಗುಸು ಶುರುಮಾಡಿದರು. ಅವರು ಇರುವುದು ಹತ್ತಿ ಗಿರಣಿಯ ಹಿಂದಿನ ಒಂದೇ ಉದ್ದನೆಯ ಶೆಡ್ಡಿನಲ್ಲಂತೆ. ಮಲಗಿದರೆ ಹೊರಳಲು ಜಾಗವಿಲ್ಲವಂತೆ. ಅಡುಗೆಯ ಸರದಿಗೆ ದಿನವೂ ಕೂದಲು ಹಿಡಿದು ಜಗಳವಂತೆ. ಯಾರದೋ ಮನೆಗೆ ಕೌದಿ ಹೋದಾಗಷ್ಟೇ ನೆಮ್ಮದಿಯ ಊಟವಂತೆ. ಅಲ್ಲಿಗೆ ನೆಂಟರು ಬಂದರೆ ಯಾರು ಬಡಿಯಬೇಕು, ಯಾರು ಬಡಿಸಬೇಕು? "ನಾ ಅಂತೂ ಒಲೆ ಮುಂದ ಕುಂದ್ರಂಗಿಲ್ಲ," ಎಂದಿತು ಒಂದು ದನಿ. "ಐದು ತಿಂದಾಕಿ ನೀನು, ನೀನ ಕುಂದ್ರು," ಎಂದಿತು ಇನ್ನೊಂದು.

ಕಸ್ತೂರಿ ಅವರ ಗದ್ದಲ ಮುಗಿಯಲೆಂದು ಕಾಯಲಿಲ್ಲ. ಕೆಳಗೆ ಕೂತು, ಕೌದಿಯ ಮೂಲೆಯನ್ನು ತೊಡೆಯ ಮೇಲೆ ಎಳೆದುಕೊಂಡು, ಹಿಟ್ಟು ಹತ್ತದ ಮುಂಗೈಯಿಂದ ಹೊಲಿಗೆಯನ್ನು ಮುಟ್ಟಿ ನೋಡಿದಳು. "ಕೌದಿ ಚಲೋ ಐತಿ," ಎಂದಳು. "ನಿಮ್ಮ ವಾರ ನೀವು ಪೂರಾ ಇರ್ರಿ, ನಾ ಅದಕ್ಕ ಬ್ಯಾಡ ಅನ್ನಂಗಿಲ್ಲ. ವಾರ ಮುಗಿಯೂತನ ನಾವಿಬ್ಬರೂ ರೊಟ್ಟಿ ಬಡೀತೀವಿ. ಇವರು ಹೆಚ್ಚು ಬಡೀಲಿ. ಆಮ್ಯಾಲ ಎಲ್ಲಾ ಕೂಡಿಸಿ ಎಷ್ಟು ದಿನ ಆಗತೈತೋ ಅಷ್ಟು ದಿನ ನಾವಿಬ್ಬರೂ ನಿಮ್ಮಲ್ಲಿಗೆ ಬರತೀವಿ."

ಇಬ್ಬರೂ ಎಂದಳು. ನಾನು ಹೋಗಿ ಟ್ರಂಕನ್ನು ಒಳಗೆ ತಂದು ಇಟ್ಟೆ. ಅವಳು ಬೇಡವೆನ್ನಲಿಲ್ಲ.

"ಅಲ್ಲಿ ಏನೈತಿ ತಂಗಿ?" ಎಂದಳು ಫಕೀರವ್ವ, ಅಳುವ ದನಿಯಲ್ಲಿ. "ಶೆಕಿ, ಸೊಳ್ಳಿ, ನಮ್ಮ ಜಗಳ."

"ಯಾರರ ಬಡಸತಾರಲ್ಲಾ? ನಮ್ಮವ್ವ ಊರ ಮಂದೀಗೆಲ್ಲಾ ಬಡಿಸಿ ಬಡಿಸಿ ಸೊಂಟ ಬಗ್ಗಿಸಿಕೊಂಡಾಳ. ನಾನೂ ಅಷ್ಟ. ನಾ ಹುಟ್ಟಿದಾಗಿಂದ ಒಂದು ಮನೀಗರ ಉಣ್ಣಾಕ ಅಂತ ಹೋಗಿಲ್ಲ. ಕುಂತಲ್ಲಿ ರೊಟ್ಟಿ ಬಂದು ಬೀಳತಾವಂದ್ರ ಹೆಂಗಿರತೈತಿ ಅಂತ ನೋಡಬೇಕು. ನಡುವ ನಾ ಅಂತೀನಿ, 'ಇನ್ನೊಂಚೂರು ಪಲ್ಯಾ ಹಾಕ್ರಿ' ಅಂತ. ಒಂದೆರಡು ಸಲ 'ಉಪ್ಪು ಕಡಿಮಿ ಆಗೈತಿ' ಅಂತೀನಿ."

ಹೆಂಗಸರು ನಡುಗಿದರು. ಫಕೀರವ್ವ ಒಮ್ಮೆ ಎಲ್ಲರ ಮುಖ ನೋಡಿದಳು. 'ಏನು ಬೇಕಾದರೂ ಕೊಟ್ಟುಬಿಡು' ಎಂದು ಎಲ್ಲ ಮುಖಗಳೂ ಹೇಳುತ್ತಿದ್ದವು. ಅವಳು ಎದ್ದು, ಗಂಟುಗಳನ್ನು ತರಿಸಿ ಬಾಗಿಲ ಹತ್ತಿರ ಇಡಿಸಿದಳು. ಆಯಿಯನ್ನೂ ರೊಟ್ಟಿಯಿಂದ ಬಿಡಿಸಿ ಎಬ್ಬಿಸಿದರು. ಆಮೇಲೆ ಫಕೀರವ್ವ ಬಂದು ಕಸ್ತೂರಿಯ ಎದುರು ಕೂತು, ಅಭ್ಯಾಸದಂತೆ ಅವಳ ಮೊಣಕಾಲಿಗೆ ಹೊಡೆಯಲು ಕೈ ಎತ್ತಿ, ಯೋಚಿಸಿ, ಇಳಿಸಿದಳು.

"ಹಿಂಗ ಮಾಡೂನು, ಯವ್ವಾ. ಉಳದ ದಿನ ನಾವು ಬಿಟ್ವಿ. ಈಗಿಂದೀಗ ಹೊಂಟ್ವಿ. ಕೌದಿ ನಿಂದ, ಪುಕ್ಕಟ. ಬರೂ ಚಳಿಗಾಲಕ್ಕ ಇನ್ನೊಂದು ಕೌದಿ, ಇದಕಿಂತ ದೊಡ್ಡದು. ಅದನ್ನ ಗೋಡಿ ಮ್ಯಾಲಿಂದ ಒಗದು ಹೋಗತೀವಿ, ಒಬ್ಬಾಕಿನೂ ಒಳಗ ಕಾಲಿಡಂಗಿಲ್ಲ. ನಿಮ್ಮ ಮನಿ ನಿಮಗ, ನಮ್ಮ ಮನಿ ನಮಗ. ಹೂಂ ಅನ್ನು."

ಬಾಗಿಲು ತೆರೆದಿತ್ತು. ಒಂಬತ್ತು ಜೊತೆ ಚಪ್ಪಲಿ ಹೊರಗೆ ಮುಖ ಮಾಡಿ ಕಾಯುತ್ತಿದ್ದವು. ಖಾಲಿ ಮನೆ, ಬೆಚ್ಚನೆಯ ಕೌದಿ, ಒಳಗೆ ಟ್ರಂಕು. ವಾರವಿಡೀ ನಾನು ಬೇಡಿಕೊಂಡದ್ದೆಲ್ಲ ಒಂದು ಹೂಂ ದೂರದಲ್ಲಿತ್ತು. ನಾನು ಕಸ್ತೂರಿಗೆ ಕಣ್ಣು ಮಾಡಿದೆ, ಹುಬ್ಬು ಹಾರಿಸಿದೆ, ಕೊನೆಗೆ ಅವಳ ಸೆರಗನ್ನೇ ಜಗ್ಗಿದೆ.

ಅವಳು ಕೈಯ ಹಿಟ್ಟನ್ನು ತಿಕ್ಕಿ ತಿಕ್ಕಿ ಉದುರಿಸಿದಳು.

"ಒಲ್ಲೆ," ಎಂದಳು.